ಬೆಂಕಿ ಒಂದೇ, ನಿಯಮ ಯಾಕೆ ಊರಿಗೊಂದು?

ಪ್ರಶ್ನೆ: ನಾವು ಒಂದೇ ನಕ್ಷೆ ಇಟ್ಟುಕೊಂಡು ಬೇರೆ ಬೇರೆ ರಾಜ್ಯಗಳಲ್ಲಿ ಆರು ಅಂತಸ್ತಿನ ವಸತಿ ಕಟ್ಟಡಗಳನ್ನು ಕಟ್ಟುತ್ತೇವೆ. ಒಂದು ಕಡೆ ಇದು ಹೈರೈಸ್ (ಹೆಚ್ಚು ಬಿಗಿಯಾದ ಅಗ್ನಿ ನಿಯಮ ಬೀಳುವ ಎತ್ತರದ ಕಟ್ಟಡ) ಅಂತಾರೆ, ಇನ್ನೊಂದು ಕಡೆ ಅಲ್ಲ ಅಂತಾರೆ. ವಿದೇಶದಲ್ಲಿರುವ ನಮ್ಮ ಪಾಲುದಾರರು ಹೇಳುವುದು ಮತ್ತೂ ಬೇರೆ. ಬೆಂಕಿ ಎಲ್ಲ ಕಡೆ ಒಂದೇ ತಾನೇ? ಹಾಗಿದ್ದ ಮೇಲೆ ನಿಯಮ ಯಾಕೆ ಬೇರೆ ಬೇರೆ? ಇದ್ದುದರಲ್ಲಿ ಕಟ್ಟುನಿಟ್ಟಾದ ನಿಯಮಗಳನ್ನು ಆರಿಸಿ ಎಲ್ಲ ಕಡೆಗೂ ಹಾಕಿಬಿಟ್ಟರೆ ಆಗುವುದಿಲ್ಲವೇ?

ಉತ್ತರ: ಬೆಂಕಿ ಎಲ್ಲ ಕಡೆ ಒಂದೇ, ಅದು ನಿಜ. ಆದರೆ ನಿಯಮ ಬರೆಯುವವರು ಬೆಂಕಿಯನ್ನು ಮಾತ್ರ ನೋಡಿ ಬರೆಯುವುದಿಲ್ಲ. ಬೆಂಕಿ ಬಿದ್ದಾಗ ಯಾರು ಬರುತ್ತಾರೆ, ಅವರ ಏಣಿ ಎಷ್ಟು ಎತ್ತರಕ್ಕೆ ಹೋಗುತ್ತದೆ, ಗೋಡೆ ಯಾವುದರದ್ದು, ಒಳಗಿದ್ದವರು ಕೆಳಗಿಳಿದು ಓಡಬೇಕೋ ಮನೆಯಲ್ಲೇ ಬಾಗಿಲು ಹಾಕಿಕೊಂಡು ಇರಬೇಕೋ ಎಂಬುದನ್ನೆಲ್ಲ ಸೇರಿಸಿ ಒಂದು ಲೆಕ್ಕ ಹಾಕಿರುತ್ತಾರೆ. ಆ ಲೆಕ್ಕ ಊರಿಂದ ಊರಿಗೆ ಬೇರೆ. ಒಂದು ಊರಿನ ಅಂಕಿಯನ್ನು ಕಿತ್ತು ಇನ್ನೊಂದು ಊರಿನ ನಕ್ಷೆಗೆ ಅಂಟಿಸಿದರೆ ಆ ಲೆಕ್ಕ ತಪ್ಪುತ್ತದೆ. ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಉಳಿದದ್ದು ಇದರ ವಿವರ.

ನಿಯಮಗಳು ಬೇರೆಯಾಗಿದ್ದರೆ ಎಂಥ ಅನಾಹುತ ಆಗಬಹುದು ಎಂಬುದಕ್ಕೆ 1904ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬಿದ್ದ ಬೆಂಕಿಗಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಫೆಬ್ರವರಿ 7ರಂದು ಹೊತ್ತಿದ ಬೆಂಕಿ ಮರುದಿನದವರೆಗೂ ಉರಿಯಿತು. 1,500ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ನೆರವಿಗೆ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್ ನಗರಗಳಿಂದ ಅಗ್ನಿಶಾಮಕ ದಳಗಳು ಬಂದವು. ಎಂಜಿನ್ ಇತ್ತು, ಜನ ಇದ್ದರು, ಹೋಸ್ ಪೈಪ್ ಇತ್ತು. ಆದರೆ ಬೇರೆ ಊರಿನ ಹಲವು ಹೋಸ್‌ಗಳು ಬಾಲ್ಟಿಮೋರಿನ ರಸ್ತೆಬದಿಯ ನೀರಿನ ನಲ್ಲಿಗೆ, ಅಂದರೆ ಹೈಡ್ರಂಟ್‌ಗೆ ಕೂರಲಿಲ್ಲ. ಎರಡನ್ನೂ ಜೋಡಿಸುವ ಕಪ್ಲಿಂಗ್‌ನ ವ್ಯಾಸ ಬೇರೆ, ಥ್ರೆಡ್ ಬೇರೆ. ಆಮೇಲೆ ಸರ್ಕಾರದ ಮಾನಕ ಸಂಸ್ಥೆ ಹುಡುಕಿ ನೋಡಿದಾಗ ದೇಶದಲ್ಲಿ 600ಕ್ಕೂ ಹೆಚ್ಚು ಬಗೆಯ ಕಪ್ಲಿಂಗ್‌ಗಳು ಸಿಕ್ಕವು. ಅದಾದ ಮೇಲೆ ರಾಷ್ಟ್ರೀಯ ಅಳತೆ ಗೊತ್ತುಮಾಡಿದರು. ಸರಿ, ಎಲ್ಲರೂ ಒಪ್ಪಿದರಾ? ಇಲ್ಲ. 1991ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡಗಳಿಗೆ ಬೆಂಕಿ ಬಿದ್ದಾಗಲೂ ಅದೇ ಗೋಳು. ಓಕ್‌ಲ್ಯಾಂಡಿನ ಹೈಡ್ರಂಟ್ ಬಾಯಿ 3 ಇಂಚು, ನೆರವಿಗೆ ಬಂದವರ ಹೋಸ್ ಎರಡೂವರೆ ಇಂಚು. ಅಡಾಪ್ಟರ್ ಇಲ್ಲದೆ ಜೋಡಿಸುವ ಹಾಗಿರಲಿಲ್ಲ. ಆ ಬೆಂಕಿಯಲ್ಲಿ 25 ಜನ ಸತ್ತರು. ಮೊದಲ ಪಾಠ ಕಲಿತು 87 ವರ್ಷ ಕಳೆದಿತ್ತು.

ಊರುಗಳು ಯಾಕೆ ಬದಲಾಗಲಿಲ್ಲ ಅಂದರೆ, ಪ್ರತಿ ಊರಿಗೂ ತನ್ನದೇ ಸಾಮಾನು ಆಗಲೇ ಇತ್ತು. ಸಾವಿರಾರು ಹೈಡ್ರಂಟ್‌ಗಳ ಬಾಯಿ ಬದಲಿಸುವುದಕ್ಕೆ ದುಡ್ಡು ಬೇಕು. ಅದು ತಮ್ಮ ಊರಿನೊಳಗೆ ಚೆನ್ನಾಗಿಯೇ ಕೆಲಸ ಮಾಡುತ್ತಿರುವಾಗ ಯಾರಿಗೂ ಅವಸರ ಕಾಣಲಿಲ್ಲ. ಅಗ್ನಿ ಸುರಕ್ಷತೆಯಲ್ಲಿ ಊರೂರಿಗೆ ಕಾಣುವ ಎಷ್ಟೋ ವ್ಯತ್ಯಾಸಗಳ ಹಿಂದೆ ಇರುವುದು ಇದೇ ಕಾರಣ.

ಇನ್ನು ಅಧಿಕಾರದ ವಿಷಯ. ಜನ ಸಾಮಾನ್ಯವಾಗಿ ದೇಶಕ್ಕೊಂದು ಫೈರ್ ಕೋಡ್, ಅಂದರೆ ಅಗ್ನಿ ಸುರಕ್ಷತೆಯ ನಿಯಮಪುಸ್ತಕ, ಇರುತ್ತದೆ ಅಂದುಕೊಳ್ಳುತ್ತಾರೆ. ದೊಡ್ಡ ಒಕ್ಕೂಟ ದೇಶಗಳಲ್ಲಿ ಹಾಗೆ ಇರುವುದು ಅಪರೂಪ. ಕೇಂದ್ರದಲ್ಲೋ ಖಾಸಗಿ ಮಾನಕ ಸಂಸ್ಥೆಯಲ್ಲೋ ಒಂದು ಮಾದರಿ ಕೋಡ್ ತಯಾರಾಗುತ್ತದೆ. ಅದು ತಾನಾಗಿ ಕಾನೂನಲ್ಲ. ರಾಜ್ಯವೋ ನಗರವೋ ಅದನ್ನು ಅಂಗೀಕರಿಸಿದಾಗ ಕಾನೂನಾಗುತ್ತದೆ. ಅಂಗೀಕರಿಸುವಾಗ ತಮಗೆ ಬೇಡದ್ದನ್ನು ತೆಗೆಯುತ್ತಾರೆ, ಬೇಕಾದ್ದನ್ನು ಸೇರಿಸುತ್ತಾರೆ. ಅಮೆರಿಕದಲ್ಲಿ ಹಿಂದೆ ಮೂರು ಸಂಸ್ಥೆಗಳು ಮೂರು ಪ್ರದೇಶಗಳಿಗೆ ಮೂರು ಮಾದರಿ ಕೋಡ್ ಬರೆಯುತ್ತಿದ್ದವು. 1994ರಲ್ಲಿ ಅವು ಸೇರಿ ಇಂಟರ್‌ನ್ಯಾಷನಲ್ ಕೋಡ್ ಕೌನ್ಸಿಲ್ ಎಂಬ ಸಂಸ್ಥೆ ಕಟ್ಟಿದವು. 2000ದಲ್ಲಿ ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್‌ನ ಮೊದಲ ಆವೃತ್ತಿ ಬಂತು. ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಆದರೆ ಎಲ್ಲ ರಾಜ್ಯಗಳೂ ಒಟ್ಟಿಗೆ ಹೊಸದಕ್ಕೆ ಹೋಗುವುದಿಲ್ಲ. ಅಕ್ಕಪಕ್ಕದ ಎರಡು ಊರುಗಳಲ್ಲಿ ಪುಸ್ತಕದ ಹೆಸರು ಒಂದೇ ಇದ್ದು ಆವೃತ್ತಿ ಬೇರೆ ಇರಬಹುದು. ಜೊತೆಗೆ ಅಲ್ಲಿಯ ಅಗ್ನಿ ರಕ್ಷಣಾ ಸಂಘ ಬರೆಯುವ ಎನ್‌ಎಫ್‌ಪಿಎ 101 ಎಂಬ ಲೈಫ್ ಸೇಫ್ಟಿ ಕೋಡ್ ಬೇರೆ ಇದೆ. ಕೆಲವು ಕಟ್ಟಡಗಳಿಗೆ ಎರಡೂ ಅನ್ವಯ ಆಗುತ್ತವೆ.

ಭಾರತದಲ್ಲೂ ಚೌಕಟ್ಟು ಹೀಗೇ. ಭಾರತೀಯ ಮಾನಕ ಬ್ಯೂರೋ ಪ್ರಕಟಿಸುವ ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರ ನಾಲ್ಕನೇ ಭಾಗ ಅಗ್ನಿ ಮತ್ತು ಜೀವ ಸುರಕ್ಷತೆಯದ್ದು. ಅದು ಮಾದರಿ. ಅಗ್ನಿಶಾಮಕ ಸೇವೆ ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿ ಪುರಸಭೆಗಳ ಕೆಲಸಗಳ ಪಟ್ಟಿಯಲ್ಲಿದೆ. ಕಾನೂನು ಮಾಡುವುದು ರಾಜ್ಯಗಳು. ಹಾಗಾಗಿಯೇ ಕರ್ನಾಟಕಕ್ಕೆ 1964ರ ಕಾಯ್ದೆ, ಮಹಾರಾಷ್ಟ್ರಕ್ಕೆ 2006ರದ್ದು, ದೆಹಲಿಗೆ 2007ರದ್ದು. ಕೇಂದ್ರ ಸರ್ಕಾರ 2019ರಲ್ಲಿ ರಾಜ್ಯಗಳಿಗೆ ಒಂದು ಮಾದರಿ ಮಸೂದೆ ಕಳಿಸಿತು. ಅದನ್ನು ತೆಗೆದುಕೊಳ್ಳುವುದು ಬಿಡುವುದು ರಾಜ್ಯಕ್ಕೆ ಬಿಟ್ಟದ್ದು. ಕೆನಡಾದಲ್ಲಿ ಪ್ರಾಂತ್ಯಗಳು, ಜರ್ಮನಿಯಲ್ಲಿ 16 ರಾಜ್ಯಗಳು ಇದೇ ರೀತಿ. ಆಸ್ಟ್ರೇಲಿಯಾದಲ್ಲಿ ರಾಷ್ಟ್ರೀಯ ಕೋಡ್ ಬಲವಾಗಿದೆ, ಆದರೂ ಪುಸ್ತಕದ ಕೊನೆಯಲ್ಲಿ ರಾಜ್ಯವಾರು ಬದಲಾವಣೆಗಳದ್ದೇ ದೊಡ್ಡ ಭಾಗ ಇರುತ್ತದೆ. ಮನೆಯಲ್ಲಿ ಹೊಗೆ ಅಲಾರಂ ಹಾಕಬೇಕು ಎಂಬ ಸರಳ ವಿಷಯ ನೋಡಿ. ಜರ್ಮನಿಯ ರೈನ್‌ಲ್ಯಾಂಡ್-ಪಲಾಟಿನೇಟ್ ರಾಜ್ಯ 2003ರಲ್ಲೇ ಹೊಸ ಮನೆಗಳಿಗೆ ಇದನ್ನು ಕಾನೂನು ಮಾಡಿತು. ಸ್ಯಾಕ್ಸನಿಯಲ್ಲಿ ಹಳೆಯ ಮನೆಗಳಿಗೆ ಇದು ಕಡ್ಡಾಯ ಆದದ್ದು 2023ರ ಕೊನೆಗೆ. ಒಂದೇ ದೇಶ, ಮೊದಲ ಹೆಜ್ಜೆಗೂ ಈ ಹೆಜ್ಜೆಗೂ 20 ವರ್ಷ ಅಂತರ.

ಈಗ ನಿಮ್ಮ ಆರು ಅಂತಸ್ತಿನ ಕಟ್ಟಡಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಒಂದೊಂದು ಅಂತಸ್ತು 3 ಮೀಟರ್ ಅಂದುಕೊಳ್ಳಿ. ನೆಲದ ಮಟ್ಟದಲ್ಲಿ ಮೊದಲನೆಯದು. ಆರನೆಯದರ ನೆಲ 15 ಮೀಟರ್ ಎತ್ತರದಲ್ಲಿದೆ. ತಾರಸಿ 18 ಮೀಟರಿಗೆ ಬರುತ್ತದೆ. ಈಗ ಈ ಕಟ್ಟಡದ ಎತ್ತರ ಎಷ್ಟು? ಭಾರತದ ರಾಷ್ಟ್ರೀಯ ಕೋಡ್ ತಾರಸಿಯವರೆಗೆ ಅಳೆಯುತ್ತದೆ: 18 ಮೀಟರ್. ಇಂಗ್ಲೆಂಡಿನಲ್ಲಿ ಮೇಲಿನ ಅಂತಸ್ತಿನ ನೆಲದವರೆಗೆ ಅಳೆಯುತ್ತಾರೆ: 15. ಜರ್ಮನಿಯಲ್ಲೂ ಜನ ಇರಬಹುದಾದ ಕೊನೆಯ ಅಂತಸ್ತಿನ ನೆಲದವರೆಗೆ. ಅಮೆರಿಕದ ಮಾದರಿ ಕೋಡ್ ಕೂಡ ಮೇಲಿನ ಅಂತಸ್ತಿನ ನೆಲವನ್ನೇ ನೋಡುತ್ತದೆ, ಆದರೆ ಅಳತೆ ಶುರುವಾಗುವುದು ಅಗ್ನಿಶಾಮಕ ವಾಹನ ಬಂದು ನಿಲ್ಲುವ ಅತಿ ತಗ್ಗಿನ ಜಾಗದಿಂದ. ಇಳಿಜಾರಿನ ಜಾಗದಲ್ಲಿ ಅದೊಂದರಿಂದಲೇ ಕಟ್ಟಡ ಒಂದು ಅಂತಸ್ತು ಎತ್ತರವಾಗಿಬಿಡಬಹುದು. ಕಟ್ಟಡವನ್ನು ಕಂಬಗಳ ಮೇಲೆ ನಿಲ್ಲಿಸಿ ಕೆಳಗೆ ಬಿಡುವ ಸ್ಟಿಲ್ಟ್ ಪಾರ್ಕಿಂಗ್ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂಬುದೂ ಒಂದೊಂದು ನಿಯಮಾವಳಿಯಲ್ಲಿ ಒಂದೊಂದು ಥರ.

ಇನ್ನು ಗೆರೆ ಎಲ್ಲಿ ಎಳೆದಿದ್ದಾರೆ ನೋಡಿ. ಭಾರತದ ರಾಷ್ಟ್ರೀಯ ಕೋಡ್ ಪ್ರಕಾರ 15 ಮೀಟರ್ ಮತ್ತು ಮೇಲೆ ಹೈರೈಸ್. ನಿಮ್ಮ ಕಟ್ಟಡ ಹೈರೈಸ್ ಆಯಿತು. ತಮಿಳುನಾಡಿನ 2019ರ ಕಟ್ಟಡ ನಿಯಮಗಳಲ್ಲಿ ಗೆರೆ ಇರುವುದು 18.30 ಮೀಟರಿನಲ್ಲಿ, ಅಂದರೆ 60 ಅಡಿ. ಅಲ್ಲಿ ಇದೇ ಕಟ್ಟಡ 30 ಸೆಂಟಿಮೀಟರಿನಲ್ಲಿ ಹೈರೈಸ್ ಆಗುವುದು ತಪ್ಪುತ್ತದೆ. ಜರ್ಮನಿಯಲ್ಲಿ ಗೆರೆ 22 ಮೀಟರ್. ಅಮೆರಿಕದಲ್ಲಿ 75 ಅಡಿ, ಸುಮಾರು 23 ಮೀಟರ್. ಫ್ರಾನ್ಸಿನಲ್ಲಿ ವಸತಿ ಕಟ್ಟಡಕ್ಕೆ 50 ಮೀಟರ್, ಉಳಿದವಕ್ಕೆ 28. ಈ ಅಂಕಿಗಳನ್ನು ಒಂದರ ಪಕ್ಕ ಒಂದು ಬರೆದು ‘ಯಾರದ್ದು ಕಟ್ಟುನಿಟ್ಟು’ ಅಂತ ತೀರ್ಮಾನ ಮಾಡುವ ಪಟ್ಟಿಗಳನ್ನು ನೀವೂ ನೋಡಿರುತ್ತೀರಿ. ಅಳೆಯುವ ರೀತಿಯೇ ಬೇರೆ ಇರುವಾಗ ಅಂಥ ಪಟ್ಟಿಯಿಂದ ಏನೂ ಗೊತ್ತಾಗುವುದಿಲ್ಲ.

ಜರ್ಮನಿಯ 22 ಮೀಟರ್ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಬಿಡಿಸಿ ಹೇಳಲೇಬೇಕು. ಅಲ್ಲಿಯ ನಿಯಮದ ಪ್ರಕಾರ ಪ್ರತಿ ಮನೆಗೂ ಎರಡು ಪಾರಾಗುವ ದಾರಿ ಇರಬೇಕು. ಮೊದಲನೆಯದು ಮೆಟ್ಟಿಲು. ಎರಡನೆಯದು ಇನ್ನೊಂದು ಮೆಟ್ಟಿಲೇ ಆಗಬೇಕಿಲ್ಲ, ಅಗ್ನಿಶಾಮಕ ದಳದ ಏಣಿ ತಲುಪುವ ಕಿಟಕಿ ಆದರೂ ಸಾಕು. ಕೈಯಲ್ಲಿ ಹೊತ್ತು ತರುವ ಏಣಿ ಸುಮಾರು 8 ಮೀಟರಿನ ಕಿಟಕಿಯವರೆಗೆ. ಅದಕ್ಕಿಂತ ಮೇಲೆ ವಾಹನದ ಮೇಲಿರುವ ಟರ್ನ್‌ಟೇಬಲ್ ಏಣಿ. ಅದು ಮುಟ್ಟುವುದು ಸುಮಾರು 23 ಮೀಟರ್. ಅಂತಸ್ತಿನ ನೆಲ 22 ಮೀಟರಿನಲ್ಲಿದ್ದರೆ ಕಿಟಕಿಯ ಅಂಚು ಹತ್ತಿರಹತ್ತಿರ 23ಕ್ಕೆ ಬರುತ್ತದೆ. ಅಲ್ಲಿಗೆ ಏಣಿ ಮುಗಿಯಿತು. ಅದಕ್ಕಿಂತ ಎತ್ತರ ಕಟ್ಟಬೇಕಾದರೆ ಎರಡು ಮೆಟ್ಟಿಲು ಬೇಕು, ಇಲ್ಲವೇ ಹೊಗೆ ನುಗ್ಗದ ಹಾಗೆ ಕಟ್ಟಿದ ವಿಶೇಷ ಸುರಕ್ಷಾ ಮೆಟ್ಟಿಲು ಬೇಕು. ನಿಯಮದಲ್ಲಿ ಇನ್ನೂ ಒಂದು ಮಾತು ಇದೆ: ಆ ಊರಿನ ದಳದ ಹತ್ತಿರ ಅಂಥ ವಾಹನ ಇದ್ದರೆ ಮಾತ್ರ ಈ ಅನುಕೂಲ. ಏಣಿ ನಿಲ್ಲಿಸುವ ಜಾಗ ಖಾಲಿ ಇರಬೇಕು, ಮರ ಬೆಳೆದು ಕಿಟಕಿಗೆ ಅಡ್ಡ ಬಂದಿರಬಾರದು.

ಈಗ ಯಾರೋ ಒಬ್ಬರು ‘ಜರ್ಮನಿಯಲ್ಲೇ ಆರು ಅಂತಸ್ತಿಗೆ ಒಂದು ಮೆಟ್ಟಿಲು ಸಾಕಂತೆ, ನಮಗೆ ಯಾಕೆ ಎರಡು?’ ಅಂತ ಕೇಳಿದರೆ ಏನು ಹೇಳಬೇಕು? ನಿಮ್ಮ ಊರಿನ ದಳದಲ್ಲಿ ಆ ಏಣಿ ವಾಹನ ಇದೆಯಾ, ಅದು ಎಷ್ಟು ನಿಮಿಷದಲ್ಲಿ ಬರುತ್ತದೆ, ನಿಮ್ಮ ರಸ್ತೆಯಲ್ಲಿ ತಿರುಗುತ್ತದಾ, ನಿಮ್ಮ ಕಿಟಕಿಗೆ ಗ್ರಿಲ್ ಹಾಕಿದ್ದೀರಾ ಎಂದು ಕೇಳಬೇಕು. ಒಂದಕ್ಕೆ ‘ಇಲ್ಲ’ ಅಂತ ಉತ್ತರ ಬಂದರೂ ಆ ನಿಯಮ ನಿಮ್ಮದಲ್ಲ.

ಒಂದು ಮೆಟ್ಟಿಲೋ ಎರಡೋ ಎಂಬ ಚರ್ಚೆ ಈಗ ಹಲವು ದೇಶಗಳಲ್ಲಿ ಜೋರಾಗಿದೆ. ಅಮೆರಿಕದ ಮಾದರಿ ಕೋಡ್ ಒಂದೇ ಮೆಟ್ಟಿಲಿನ ಅಪಾರ್ಟ್‌ಮೆಂಟಿಗೆ ಮೂರು ಅಂತಸ್ತಿನ ಮಿತಿ ಹಾಕಿದೆ. ಅದೇ ದೇಶದ ಸಿಯಾಟಲ್ ನಗರ ಹಲವು ದಶಕಗಳಿಂದ ಆರು ಅಂತಸ್ತಿನವರೆಗೆ ಬಿಡುತ್ತದೆ. ಸುಮ್ಮನೆ ಬಿಡುವುದಿಲ್ಲ. ಬೆಂಕಿಯ ಶಾಖಕ್ಕೆ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇರಬೇಕು, ಒಂದು ಅಂತಸ್ತಿನಲ್ಲಿ ನಾಲ್ಕಕ್ಕಿಂತ ಜಾಸ್ತಿ ಮನೆ ಇರಬಾರದು, ಮೆಟ್ಟಿಲಿಗೆ ಹೊಗೆ ತಡೆಯುವ ವ್ಯವಸ್ಥೆ ಇರಬೇಕು. ಕೆನಡಾದ ರಾಷ್ಟ್ರೀಯ ಮಾದರಿ ಎರಡೇ ಅಂತಸ್ತಿಗೆ ನಿಲ್ಲಿಸುತ್ತದೆ. ಅಲ್ಲಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2024ರಲ್ಲಿ ಷರತ್ತುಗಳೊಂದಿಗೆ ಆರಕ್ಕೆ ಏರಿಸಿತು. ಇಂಗ್ಲೆಂಡ್ ಹೋಗುತ್ತಿರುವುದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ: 18 ಮೀಟರ್ ಮತ್ತು ಅದಕ್ಕಿಂತ ಎತ್ತರದ ಹೊಸ ವಸತಿ ಕಟ್ಟಡಗಳಿಗೆ 2026ರ ಸೆಪ್ಟೆಂಬರ್ 30ರಿಂದ ಎರಡನೇ ಮೆಟ್ಟಿಲು ಬೇಕು ಎಂದು ಗೊತ್ತುಮಾಡಿದೆ. ಇಬ್ಬರಲ್ಲಿ ಯಾರದ್ದೂ ತಪ್ಪು ಅಂತ ನಾನು ಹೇಳಲಾರೆ. ಸ್ಪ್ರಿಂಕ್ಲರ್, ಮನೆಗಳ ಸಂಖ್ಯೆ, ಹೊಗೆ ನಿಯಂತ್ರಣ ಮೂರೂ ಬಿಗಿಯಾಗಿದ್ದು ದಳ ಬೇಗ ಬರುವ ಊರಿನಲ್ಲಿ ಸಣ್ಣ ಕಟ್ಟಡಕ್ಕೆ ಒಂದು ಮೆಟ್ಟಿಲು ಸಾಕಾಗಬಹುದು. ಮೂರರಲ್ಲಿ ಒಂದನ್ನು ಬಿಟ್ಟು ಅದೇ ಅನುಕೂಲ ಕೇಳಿದರೆ ನಾನಂತೂ ಒಪ್ಪುವುದಿಲ್ಲ.

ಅಂಕಿಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದಕ್ಕೆ ಇನ್ನೊಂದು ಉದಾಹರಣೆ. ವಸತಿ ಬಿಟ್ಟು ಒಂದು ಆಫೀಸು ತೆಗೆದುಕೊಳ್ಳೋಣ. ಕೂತ ಜಾಗದಿಂದ ಸುರಕ್ಷಿತ ಬಾಗಿಲಿಗೆ ಎಷ್ಟು ದೂರ ನಡೆಯಬಹುದು? ಇಂಗ್ಲೆಂಡಿನ ಮಾರ್ಗದರ್ಶಿಯಲ್ಲಿ ಒಂದೇ ದಿಕ್ಕಿಗೆ ದಾರಿ ಇದ್ದರೆ 18 ಮೀಟರ್, ಎರಡು ದಿಕ್ಕಿಗೆ ಇದ್ದರೆ 45. ಅಮೆರಿಕದ ಮಾದರಿ ಕೋಡ್‌ನಲ್ಲಿ 200 ಅಡಿ, ಅಂದರೆ ಸುಮಾರು 61 ಮೀಟರ್. ಸ್ಪ್ರಿಂಕ್ಲರ್ ಇದ್ದರೆ 300 ಅಡಿ, 91 ಮೀಟರ್. ಭಾರತದ ಕೋಡ್‌ನಲ್ಲಿ 30 ಮೀಟರ್, ಸ್ಪ್ರಿಂಕ್ಲರ್ ಇದ್ದರೆ ಅದರ ಅರ್ಧದಷ್ಟು ಹೆಚ್ಚು. 30 ಎಲ್ಲಿ, 91 ಎಲ್ಲಿ! ಆದರೆ ಆ 91 ಮೀಟರ್ ಸುಮ್ನೆ ಕೊಟ್ಟದ್ದಲ್ಲ. ಸ್ಪ್ರಿಂಕ್ಲರ್‌ಗೆ ನೀರು ಬರುತ್ತದೆ, ಪಂಪ್ ಓಡುತ್ತದೆ, ವಾಲ್ವ್ ತೆರೆದಿರುತ್ತದೆ, ಕಾಲಕಾಲಕ್ಕೆ ಯಾರೋ ಪರೀಕ್ಷೆ ಮಾಡಿ ಬರೆದಿಡುತ್ತಾರೆ ಎಂಬ ನಂಬಿಕೆಯ ಮೇಲೆ ಕೊಟ್ಟದ್ದು. ಟ್ಯಾಂಕ್ ಖಾಲಿ ಇರುವ ಕಟ್ಟಡದಲ್ಲಿ 91 ಮೀಟರ್ ಓಡಿಸುವುದು ಅಪರಾಧವೇ ಸರಿ. ಔಷಧಿ ಚೀಟಿಯಿಂದ ನಮಗೆ ಇಷ್ಟವಾದ ಎರಡು ಗುಳಿಗೆ ಮಾತ್ರ ಆರಿಸಿ ನುಂಗುವುದಿಲ್ಲ, ಇದೂ ಹಾಗೆಯೇ. ಒಂದು ಕೋಡ್ ತೆಗೆದುಕೊಂಡರೆ ಪೂರ್ತಿ ತೆಗೆದುಕೊಳ್ಳಬೇಕು.

ವ್ಯತ್ಯಾಸಕ್ಕೆ ಇನ್ನೊಂದು ದೊಡ್ಡ ಕಾರಣ, ಆ ಊರಿನಲ್ಲಿ ಹಿಂದೆ ಏನಾಗಿದೆ ಎಂಬುದು. ಬಹುಪಾಲು ಕಟ್ಟುನಿಟ್ಟಿನ ನಿಯಮಗಳ ಹಿಂದೆ ಸಾವುಗಳಿವೆ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಯಲ್ಲಿ 146 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು. ಮೆಟ್ಟಿಲಿನ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಬೋಸ್ಟನ್ನಿನ ಕೋಕನಟ್ ಗ್ರೋವ್ ನೈಟ್‌ಕ್ಲಬ್‌ನಲ್ಲಿ 1942ರ ನವೆಂಬರ್ 28ರಂದು 492 ಜನ ಸತ್ತರು. ಮುಖ್ಯ ದಾರಿಯ ತಿರುಗುವ ಬಾಗಿಲು ಜನರ ನೂಕಿಗೆ ಸಿಕ್ಕಿಕೊಂಡಿತ್ತು. ಇವತ್ತು ತಿರುಗುವ ಬಾಗಿಲಿನ ಪಕ್ಕದಲ್ಲಿ ಸಾಮಾನ್ಯ ಬಾಗಿಲು ಇರಲೇಬೇಕು ಎಂಬ ನಿಯಮ ಇದ್ದರೆ ಅದು ಆ ರಾತ್ರಿಯಿಂದ ಬಂದದ್ದು.

2003ರ ಫೆಬ್ರವರಿ 20ರ ಘಟನೆಯನ್ನು ಇನ್ನೂ ಹತ್ತಿರದಿಂದ ನೋಡಬೇಕು. ರೋಡ್ ಐಲ್ಯಾಂಡ್ ರಾಜ್ಯದ ದಿ ಸ್ಟೇಷನ್ ಎಂಬ ನೈಟ್‌ಕ್ಲಬ್. ವೇದಿಕೆ ಮೇಲೆ ಹಚ್ಚಿದ ಬಾಣಬಿರುಸಿನ ಕಿಡಿ ಗೋಡೆಗೆ ಅಂಟಿಸಿದ್ದ ಪಾಲಿಯುರೇಥೇನ್ ಫೋಮ್‌ಗೆ ತಗುಲಿತು. ಸುಮಾರು ಒಂದೂವರೆ ನಿಮಿಷದಲ್ಲಿ ಒಳಗೆ ಉಸಿರಾಡುವ ಸ್ಥಿತಿ ಇರಲಿಲ್ಲ. ಬೇರೆ ಬಾಗಿಲುಗಳಿದ್ದರೂ ಜನ ತಾವು ಬಂದ ಮುಂಬಾಗಿಲಿಗೇ ನುಗ್ಗಿದರು, ಅಲ್ಲೇ ಒಬ್ಬರ ಮೇಲೊಬ್ಬರು ಬಿದ್ದರು. 100 ಜನ ಸತ್ತರು. ಕಟ್ಟಡದಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ. ಆಮೇಲೆ ಸರ್ಕಾರದ ಸಂಶೋಧಕರು ಅದೇ ರೀತಿಯ ಕೋಣೆ ಕಟ್ಟಿ ಸ್ಪ್ರಿಂಕ್ಲರ್ ಹಾಕಿ ಪರೀಕ್ಷಿಸಿದರು. ಒಳಗಿದ್ದವರು ಬದುಕುವ ಸ್ಥಿತಿ ಉಳಿಯಿತು. ಅದಾದ ಮೇಲೆ ಆ ಪುಟ್ಟ ರಾಜ್ಯ ಮಾಡಿದ್ದು ದೊಡ್ಡ ಕೆಲಸ. ‘ಹಳೇ ಕಟ್ಟಡ, ಹಳೇ ನಿಯಮ ಸಾಕು’ ಎಂಬ ವಿನಾಯಿತಿಯನ್ನೇ ತೆಗೆದುಹಾಕಿತು. ಪಕ್ಕದ ಮ್ಯಾಸಚೂಸೆಟ್ಸ್ 2004ರಲ್ಲಿ ನೂರು ಮತ್ತು ಅದಕ್ಕಿಂತ ಹೆಚ್ಚು ಜನ ಸೇರುವ ನೈಟ್‌ಕ್ಲಬ್‌ಗಳಿಗೆ, ಹಳೆಯವಕ್ಕೂ ಸೇರಿಸಿ, ಸ್ಪ್ರಿಂಕ್ಲರ್ ಕಡ್ಡಾಯ ಮಾಡಿತು. ದೂರದ ರಾಜ್ಯಗಳಲ್ಲಿ ಅಷ್ಟು ಅವಸರ ಕಾಣಲಿಲ್ಲ. ಹೊಗೆ ನಮ್ಮ ಮನೆಗೆ ಬರುವವರೆಗೆ ಪಕ್ಕದೂರಿನ ಬೆಂಕಿಯಿಂದ ಪಾಠ ಕಲಿಯುವವರು ಕಡಿಮೆ. ಇದು ನನ್ನನ್ನು ತುಂಬಾ ಬೇಸರಪಡಿಸುವ ವಿಷಯ.

ಹಳೆ ಕಟ್ಟಡದ ಈ ವಿನಾಯಿತಿಯೇ ಊರಿಂದ ಊರಿಗೆ ಅತಿ ಹೆಚ್ಚು ಬದಲಾಗುವ ಅಂಶ. ಸಾಮಾನ್ಯ ನಿಯಮ ಏನೆಂದರೆ, ಕಟ್ಟಡ ಕಟ್ಟಿದಾಗ ಯಾವ ಕೋಡ್ ಇತ್ತೋ ಅದು ಸಾಕು. ಅಮೆರಿಕದ ಹವಾಯಿ ರಾಜ್ಯದ ಹೊನೊಲುಲುವಿನ ಮಾರ್ಕೊ ಪೋಲೊ ಎಂಬ 36 ಅಂತಸ್ತಿನ ವಸತಿ ಕಟ್ಟಡ 1971ರದ್ದು. ಅಲ್ಲಿ ಸ್ಪ್ರಿಂಕ್ಲರ್ ನಿಯಮ ಬಂದದ್ದು ಅದಾದ ಕೆಲವು ವರ್ಷಕ್ಕೆ. 2017ರ ಜುಲೈನಲ್ಲಿ ಬೆಂಕಿ ಬಿದ್ದು ಅದೇ ದಿನ ಮೂವರು ಸತ್ತರು. ಮರುವರ್ಷ ನಗರಾಡಳಿತ ಹಳೆ ಕಟ್ಟಡಗಳಿಗೂ ಸ್ಪ್ರಿಂಕ್ಲರ್ ಅಥವಾ ಪೂರ್ತಿ ಸುರಕ್ಷತಾ ತಪಾಸಣೆ ಬೇಕೆಂದಿತು. ನ್ಯೂಯಾರ್ಕ್ ನಗರ 2004ರಲ್ಲೇ ಕಾನೂನು ಮಾಡಿ, 100 ಅಡಿ ಮತ್ತು ಅದಕ್ಕಿಂತ ಎತ್ತರದ ಆಫೀಸ್ ಕಟ್ಟಡಗಳಿಗೆ ಸ್ಪ್ರಿಂಕ್ಲರ್ ಹಾಕಲು 2019ರ ಜುಲೈ 1ರವರೆಗೆ ಗಡುವು ಕೊಟ್ಟಿತ್ತು. 15 ವರ್ಷ ಜಾಸ್ತಿಯೇ. ಆದರೂ ಗಡುವು ಅಂತ ಒಂದು ಇತ್ತು, ಅದು ಮುಖ್ಯ.

ಬ್ರಿಟನ್ ಒಂದೇ ದ್ವೀಪ, ಆದರೂ ಅಲ್ಲಿಯ ಮೂರು ಭಾಗಗಳಿಗೆ ಮೂರು ಲೆಕ್ಕ. ವೇಲ್ಸ್‌ನಲ್ಲಿ 2016ರ ಜನವರಿಯಿಂದ ಪ್ರತಿ ಹೊಸ ಮನೆಗೂ ಸ್ಪ್ರಿಂಕ್ಲರ್ ಬೇಕು, ಒಂಟಿ ಮನೆಗೂ ಸಹ. ಸ್ಕಾಟ್ಲೆಂಡಿನಲ್ಲಿ 2021ರ ಮಾರ್ಚ್‌ನಿಂದ ಹೊಸ ಫ್ಲ್ಯಾಟ್‌ಗಳಿಗೆ ಬೇಕು. ಇಂಗ್ಲೆಂಡಿನಲ್ಲಿ ಮೊದಲು 30 ಮೀಟರಿಗಿಂತ ಎತ್ತರದ ಫ್ಲ್ಯಾಟ್ ಕಟ್ಟಡಗಳಿಗೆ ಮಾತ್ರ ಇತ್ತು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ 72 ಜನ ಸತ್ತರು. ಹೊರಗೋಡೆಗೆ ಹೊದಿಸಿದ್ದ ಉರಿಯುವ ಕ್ಲಾಡಿಂಗ್ ಮೂಲಕ ಬೆಂಕಿ ಮೇಲೇರಿತ್ತು. ಆಮೇಲೆ 2018ರ ಡಿಸೆಂಬರಿನಲ್ಲಿ 18 ಮೀಟರ್ ಮತ್ತು ಅದಕ್ಕಿಂತ ಎತ್ತರದ ವಸತಿ ಕಟ್ಟಡಗಳಿಗೆ ಉರಿಯುವ ಕ್ಲಾಡಿಂಗ್ ನಿಷೇಧಿಸಿದರು. 2020ರಲ್ಲಿ ಸ್ಪ್ರಿಂಕ್ಲರ್ ಗೆರೆಯನ್ನು 11 ಮೀಟರಿಗೆ ಇಳಿಸಿದರು. ನಿಮ್ಮ ಕಟ್ಟಡದ ಕೊನೆ ಅಂತಸ್ತಿನ ನೆಲ 15 ಮೀಟರಿನಲ್ಲಿದೆಯಲ್ಲ, ಇಂಗ್ಲೆಂಡಿನಲ್ಲಿ ಅದಕ್ಕೆ 2019ರಲ್ಲಿ ಸ್ಪ್ರಿಂಕ್ಲರ್ ಬೇಕಿರಲಿಲ್ಲ, ಇವತ್ತು ಬೇಕು. ಬೆಂಕಿ ಬದಲಾಗಿಲ್ಲ, ಗೆರೆ ಬದಲಾಗಿದೆ.

ಅಮೆರಿಕದಲ್ಲಿ ಒಂಟಿ ಮನೆಗಳ ಕಥೆಯಲ್ಲಿ ರಾಜಕೀಯ ಇನ್ನೂ ಎದ್ದು ಕಾಣುತ್ತದೆ. ಮನೆಗಳ ಮಾದರಿ ಕೋಡ್ 2009ರ ಆವೃತ್ತಿಯಲ್ಲಿ ಹೊಸ ಮನೆಗಳಿಗೆ ಸ್ಪ್ರಿಂಕ್ಲರ್ ಬೇಕೆಂದಿತು. ಕ್ಯಾಲಿಫೋರ್ನಿಯಾ, ಮೇರಿಲ್ಯಾಂಡ್ ರಾಜ್ಯಗಳು ಒಪ್ಪಿಕೊಂಡವು. ಬಹುತೇಕ ಉಳಿದ ರಾಜ್ಯಗಳು ಕೋಡ್ ಅಂಗೀಕರಿಸುವಾಗ ಆ ಒಂದು ಕಲಮನ್ನು ಕಿತ್ತುಹಾಕಿದವು. ನಿಮ್ಮ ಊರು ಬೇಕಾದರೂ ಕಡ್ಡಾಯ ಮಾಡುವಂತಿಲ್ಲ ಎಂದು ಕಾನೂನು ಮಾಡಿದ ರಾಜ್ಯಗಳೂ ಇವೆ. ಮನೆ ಕಟ್ಟುವವರು ಖರ್ಚಿನ ಮಾತಾಡಿದರು, ಅಗ್ನಿಶಾಮಕ ಸಿಬ್ಬಂದಿ ಜೀವದ ಮಾತಾಡಿದರು. ಎಲ್ಲಿ ಯಾರ ಮಾತು ನಡೆಯಿತೋ ಅಲ್ಲಿ ಆ ನಿಯಮ. ಕೋಡ್ ಅಂದರೆ ಪೂರ್ತಿ ವಿಜ್ಞಾನ ಅಂತ ತಿಳಿಯಬೇಡಿ. ವಿಜ್ಞಾನ ಇದೆ, ಚೌಕಾಸಿಯೂ ಇದೆ.

ಹವೆ ಮತ್ತು ನೆಲದಿಂದ ಬರುವ ವ್ಯತ್ಯಾಸ ಹೆಚ್ಚು ನ್ಯಾಯವಾದದ್ದು. ಆಸ್ಟ್ರೇಲಿಯಾದಲ್ಲಿ ಕಾಡಿನ ಅಂಚಿನ ಮನೆಗಳಿಗೆ ಜಾಗಕ್ಕೆ ತಕ್ಕ ದರ್ಜೆ ಕೊಡುತ್ತಾರೆ: 12.5, 19, 29, 40. ಒಂದು ಚದರ ಮೀಟರಿಗೆ ಬಡಿಯಬಹುದಾದ ಶಾಖದ ಕಿಲೋವ್ಯಾಟ್ ಲೆಕ್ಕ ಇದು. ಅದಕ್ಕೂ ಮೇಲೆ ಜ್ವಾಲೆಯೇ ಮುಟ್ಟುವ ವಲಯ. ದರ್ಜೆ ಏರಿದಂತೆ ಕಿಟಕಿ ಗಾಜು, ಚಾವಣಿಯ ಸಂದು, ಗಾಳಿಕಿಂಡಿಯ ಜಾಲರಿ ಎಲ್ಲ ಬಿಗಿಯಾಗುತ್ತದೆ. ಯುರೋಪಿನಲ್ಲಿ ವಸ್ತುಗಳ ಪರೀಕ್ಷೆ ಒಂದೇ ಮಾಡಿಕೊಂಡಿದ್ದಾರೆ, ಎ1ರಿಂದ ಎಫ್‌ವರೆಗೆ ದರ್ಜೆ. ಯಾವ ಎತ್ತರಕ್ಕೆ ಯಾವ ದರ್ಜೆ ಬೇಕು ಎಂಬುದನ್ನು ಮಾತ್ರ ದೇಶಗಳು ತಾವೇ ಇಟ್ಟುಕೊಂಡಿವೆ. ಇದು ನನಗೆ ಹಿಡಿಸಿದ ದಾರಿ. ಅಳತೆಗೋಲು ಒಂದೇ ಇದ್ದರೆ ವ್ಯತ್ಯಾಸವನ್ನಾದರೂ ಸರಿಯಾಗಿ ನೋಡಬಹುದು.

ಈಗ ನಿಮ್ಮ ಕೊನೆಯ ಪ್ರಶ್ನೆ. ಎಲ್ಲದರಲ್ಲೂ ಕಟ್ಟುನಿಟ್ಟಾದುದನ್ನು ಆರಿಸಿ ಒಟ್ಟು ಸೇರಿಸಬಹುದಾ? ಕೆಲವು ವಿಷಯಗಳಲ್ಲಿ ಧಾರಾಳವಾಗಿ. ಮೆಟ್ಟಿಲು ಅಗಲ ಮಾಡಿ, ಉರಿಯದ ಕ್ಲಾಡಿಂಗ್ ಹಾಕಿ, ತಾನಾಗಿ ಮುಚ್ಚುವ ಫೈರ್ ಡೋರ್ ಹಾಕಿ, ಪ್ರತಿ ಮನೆಯಲ್ಲೂ ಒಂದಕ್ಕೊಂದು ಜೋಡಿಸಿದ ಹೊಗೆ ಅಲಾರಂ ಇಡಿ. ಯಾವ ಊರಿನಲ್ಲೂ ಇವುಗಳಿಂದ ತೊಂದರೆ ಇಲ್ಲ. ಆದರೆ ಕೆಲವು ನಿಯಮಗಳು ಒಂದಕ್ಕೊಂದು ಹೊಡೆದಾಡುತ್ತವೆ. ಇಂಗ್ಲೆಂಡಿನ ಫ್ಲ್ಯಾಟ್‌ಗಳಲ್ಲಿ ಬಹುಕಾಲದಿಂದ ಇರುವ ಪದ್ಧತಿ, ಪಕ್ಕದ ಮನೆಗೆ ಬೆಂಕಿ ಬಿದ್ದರೆ ನೀವು ನಿಮ್ಮ ಮನೆಯಲ್ಲೇ ಇರಿ ಎಂಬುದು. ಪ್ರತಿ ಮನೆಯೂ ಬೆಂಕಿ ತಡೆಯುವ ಪೆಟ್ಟಿಗೆಯ ಹಾಗೆ ಇರುತ್ತದೆ ಎಂದು ನಂಬಿ ಮಾಡಿದ್ದು. ಹಾಗಾಗಿ ಇಡೀ ಕಟ್ಟಡಕ್ಕೆ ಕೂಗುವ ಅಲಾರಂ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬೇರೆ ಹಲವು ಕಡೆ ಅಲಾರಂ ಕೂಗಿದರೆ ಎಲ್ಲರೂ ಇಳಿಯಬೇಕು. ಮೊದಲನೆಯ ಪದ್ಧತಿಗೆ ಲೆಕ್ಕ ಹಾಕಿದ ಇಕ್ಕಟ್ಟಾದ ಒಂದೇ ಮೆಟ್ಟಿಲಿಗೆ ಎರಡನೆಯ ಪದ್ಧತಿಯ ಅಲಾರಂ ಹಾಕಿದರೆ ಏನಾಗುತ್ತದೆ? ಜನರೆಲ್ಲ ಒಟ್ಟಿಗೆ ಇಳಿಯುತ್ತಾರೆ, ಹೋಸ್ ಹಿಡಿದ ಸಿಬ್ಬಂದಿ ಅದೇ ಮೆಟ್ಟಿಲಿನಲ್ಲಿ ಹತ್ತುತ್ತಿರುತ್ತಾರೆ. ಎರಡೂ ಕಟ್ಟುನಿಟ್ಟಾದ ನಿಯಮಗಳೇ, ಸೇರಿಸಿದರೆ ಅಪಾಯ. ಭಾರತದ ಕೋಡ್ 24 ಮೀಟರಿಗಿಂತ ಎತ್ತರದ ಕಟ್ಟಡಕ್ಕೆ ರೆಫ್ಯೂಜ್ ಏರಿಯಾ ಕೇಳುತ್ತದೆ, ಆಮೇಲೆ ಪ್ರತಿ 15 ಮೀಟರಿಗೊಂದು. ಅಲ್ಲಿ ಜನ ನಿಂತು ಕಾಯುತ್ತಾರೆ, ಯಾರೋ ಬಂದು ಕರೆದೊಯ್ಯುತ್ತಾರೆ ಎಂಬ ಯೋಜನೆ ಅದರ ಹಿಂದಿದೆ. ಆ ಯೋಜನೆ ಇಲ್ಲದ ಕಡೆ ಸುಮ್ಮನೆ ಜಾಗ ಬಿಟ್ಟರೆ ಸಾಮಾನು ತುಂಬುವ ಮೂಲೆ ಆಗುತ್ತದೆ.

ನೀವು ಮಾಡಬೇಕಾದ್ದು ಹೀಗೆ. ಪ್ರತಿ ಜಾಗದಲ್ಲೂ ನಕ್ಷೆ ಬರೆಯುವ ಮೊದಲೇ, ಇಲ್ಲಿ ಕೊನೆಯ ಮಾತು ಯಾರದ್ದು ಎಂದು ತಿಳಿದುಕೊಳ್ಳಿ. ಕಟ್ಟಡಕ್ಕೆ ಪರವಾನಗಿ ಕೊಡುವವರು ಒಬ್ಬರು, ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಕೊಡುವವರು ಇನ್ನೊಬ್ಬರು ಇರುತ್ತಾರೆ. ಇಬ್ಬರ ಪುಸ್ತಕವೂ ಒಂದೇ ಅಂತ ಅಂದುಕೊಳ್ಳಬೇಡಿ. ಯಾವ ಆವೃತ್ತಿ, ಯಾವ ತಿದ್ದುಪಡಿ ಜಾರಿಯಲ್ಲಿದೆ ಎಂದು ಕೇಳಿ, ಆ ಆವೃತ್ತಿಯ ವರ್ಷವನ್ನು ನಕ್ಷೆಯ ಮೇಲೇ ಬರೆಯಿರಿ. ಎತ್ತರ ಎಲ್ಲಿಂದ ಎಲ್ಲಿಗೆ ಅಳೆದದ್ದು ಎಂಬುದನ್ನು ಚಿತ್ರದಲ್ಲೇ ತೋರಿಸಿ. ತಮಿಳುನಾಡಿನಲ್ಲಿ ನೋಡಿ, ನಿಮ್ಮದು 18 ಮೀಟರ್, ಗೆರೆ 18.30. ತಾರಸಿ ಮೇಲೆ ನೀರು ನಿಲ್ಲದಂತೆ ಹಾಕುವ ಇಳಿಜಾರಿನ ಕಾಂಕ್ರೀಟು, ನೆಲದ ಮಟ್ಟದ ಸಣ್ಣ ಏರುಪೇರು ಇವೇ ನಿಮ್ಮನ್ನು ಆಚೆ ದಾಟಿಸಬಹುದು. ಅಷ್ಟು ಅಂಚಿಗೆ ಹೋಗಬೇಡಿ. ಹೋದರೆ ಹೈರೈಸ್ ಅಂತಲೇ ತಿಳಿದು ಕಟ್ಟಿ. ಬಾಯಿಮಾತಿನ ಉತ್ತರ ಬೇಡ, ಬರಹದಲ್ಲಿ ತೆಗೆದುಕೊಳ್ಳಿ. ಹತ್ತಿರದ ಠಾಣೆಗೆ ಹೋಗಿ ಏಣಿ ಎಷ್ಟು ಎತ್ತರದ್ದು, ವಾಹನ ತಿರುಗಲು ಎಷ್ಟು ಜಾಗ ಬೇಕು, ಹೈಡ್ರಂಟ್‌ಗೆ ಯಾವ ಕಪ್ಲಿಂಗ್ ಎಂದು ಕೇಳಿ. ಇದನ್ನು ಕೇಳುವವರು ತುಂಬಾ ಕಡಿಮೆ. ಅಲ್ಲಿಯವರು ಖುಷಿಯಿಂದ ಹೇಳುತ್ತಾರೆ.

ಕಟ್ಟಿ ಕೊಟ್ಟ ಮೇಲೂ ಒಂದು ಕೆಲಸ ಉಳಿಯುತ್ತದೆ. 2022ರ ಜನವರಿ 9ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 19 ಅಂತಸ್ತಿನ ಕಟ್ಟಡದಲ್ಲಿ ಒಂದು ಮನೆಯ ಹೀಟರಿನಿಂದ ಬೆಂಕಿ ಹತ್ತಿತು. ಬೆಂಕಿ ಬಹುಮಟ್ಟಿಗೆ ಆ ಮನೆ ಮತ್ತು ಅದರ ಮುಂದಿನ ಓಣಿಯಲ್ಲೇ ಉಳಿಯಿತು. ಆದರೆ ಆ ಮನೆಯ ಬಾಗಿಲು ಮುಚ್ಚಿಕೊಳ್ಳಲಿಲ್ಲ. ಮೇಲೆ ಮೆಟ್ಟಿಲಿನ ಒಂದು ಬಾಗಿಲೂ ತೆರೆದೇ ಇತ್ತು. ಹೊಗೆ ಇಡೀ ಕಟ್ಟಡಕ್ಕೆ ತುಂಬಿ 17 ಜನ ಸತ್ತರು. ತಾನಾಗಿ ಮುಚ್ಚುವ ಬಾಗಿಲು ಆ ನಗರದಲ್ಲಿ ಆಗಲೇ ಕಡ್ಡಾಯವಾಗಿತ್ತು. ಆದ್ದರಿಂದ ನಿಮ್ಮ ಎಲ್ಲ ಊರಿನ ಕಟ್ಟಡಗಳಿಗೂ ಒಂದೇ ಥರದ ನಿರ್ವಹಣಾ ಪಟ್ಟಿ ಮಾಡಿ. ಇಲ್ಲಿ ರಾಜ್ಯ ಯಾವುದು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ಫೈರ್ ಡೋರನ್ನೂ ಪೂರ್ತಿ ತೆರೆದು ಕೈ ಬಿಡಿ, ಚಿಲಕ ಬೀಳುವವರೆಗೆ ತಾನೇ ಮುಚ್ಚಬೇಕು. ಅರ್ಧಕ್ಕೆ ನಿಂತರೆ ಬಾಗಿಲನ್ನು ಎಳೆದು ಮುಚ್ಚುವ ಕ್ಲೋಸರ್ ಬದಲಿಸಿ. ಬಾಗಿಲಿಗೆ ಇಟ್ಟಿಗೆಯೋ ಚಪ್ಪಲಿಯೋ ಅಡ್ಡ ಇಟ್ಟಿದ್ದರೆ ಯಾಕೆ ಇಟ್ಟಿದ್ದಾರೆ ಎಂದು ಕೇಳಿ. ಸಾಮಾನ್ಯವಾಗಿ ಗಾಳಿ ಬರುವುದಿಲ್ಲ ಅಂತಲೋ, ಬಾಗಿಲು ಭಾರ ಅಂತಲೋ ಹೇಳುತ್ತಾರೆ. ಅದನ್ನು ಸರಿಮಾಡಿಕೊಟ್ಟರೆ ಇಟ್ಟಿಗೆ ತಾನಾಗಿ ಹೋಗುತ್ತದೆ.